ನೀರ ಮೇಲೆ ಬಿದ್ದ ಬಣ್ಣ

ಕನ್ನಡದಲ್ಲಿ ‘ಕಲೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಚಿತ್ರ, ಶಿಲ್ಪ, ಸಂಗೀತಗಳನ್ನು ಆ ಮಾತಿನಿಂದ ಗೌರವಿಸುತ್ತೇವೆ. ಬಿಳಿಯ ಪಂಚೆಯ ಮೇಲೆ ಸಾರು ಚೆಲ್ಲಿ ಉಳಿದ ಗುರುತನ್ನೂ ಅದೇ ಮಾತಿನಿಂದ ಶಪಿಸುತ್ತೇವೆ. ಎರಡರ ಹುಟ್ಟು ಒಂದೇ ಬೇರೆಯೇ ಎಂಬುದನ್ನು ನಿಘಂಟುಕಾರರಿಗೆ ಬಿಡೋಣ. ಸಾಮಾನ್ಯವಾಗಿ ಈ ಎರಡು ಅರ್ಥಗಳು ಒಂದನ್ನೊಂದು ಸಂಧಿಸುವುದಿಲ್ಲ. ಸಂಧಿಸಿದರೂ ಪರಿಹಾಸ್ಯಕ್ಕೆ ಮಾತ್ರ. ಆದರೆ ನೀರಿನ ಮೇಲೆ ಬಣ್ಣ ತೇಲಿಸಿ, ಅದರ ಮೇಲೆ ಕಾಗದವನ್ನು ಮಲಗಿಸಿ ಎತ್ತುವ ಒಂದು ಕಸುಬಿದೆ. ಪುಸ್ತಕ ಕಟ್ಟುವವರು ಅದರ ಫಲವನ್ನು ‘ಮಾರ್ಬಲ್ ಪೇಪರ್’ ಎನ್ನುತ್ತಾರೆ. ಉರ್ದು, ಹಿಂದಿಗಳಲ್ಲಿ ಅದಕ್ಕೆ ‘ಅಬ್ರಿ’ ಎಂದು ಹೆಸರು. ಅಲ್ಲಿ ಕಲೆಯ ಎರಡು ಅರ್ಥಗಳೂ ಒಂದೇ ಹಾಳೆಯ ಮೇಲೆ ಕೂಡಿ ನಿಲ್ಲುತ್ತವೆ. ನೋಡುವವನು ಯಾವುದನ್ನು ಹೇಳಲಿ ಎಂದು ತಡವರಿಸುತ್ತಾನೆ. ಹಾಗೆ ತಡವರಿಸಿದವರಲ್ಲಿ ನಾನೂ ಒಬ್ಬ.

ನೆಲಮಂಗಲ ತಾಲ್ಲೂಕಿನ ಸೋಂಪುರದಲ್ಲಿ ನನ್ನ ತಂಗಿಯ ಮನೆ. ದಾಬಸ್‌ಪೇಟೆಯಿಂದ ಆ ಕಡೆಗೆ ತಿರುಗಿದರೆ ಒಂದು ಕಡೆ ಕಾರ್ಖಾನೆಗಳ ತಗಡಿನ ಮಾಡುಗಳು, ಇನ್ನೊಂದು ಕಡೆ ಶಿವಗಂಗೆಯ ಬೆಟ್ಟ. ಈಚೆಗೆ ಒಂದು ಭಾನುವಾರ ಹೋದಾಗ, ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ತಂತಿಯ ಮೇಲೆ ಬಟ್ಟೆಗಳಿಗೆ ಬದಲಾಗಿ ಹನ್ನೆರಡು ಕಾಗದಗಳು ಕ್ಲಿಪ್ಪು ಹಾಕಿಸಿಕೊಂಡು ತೂಗಾಡುತ್ತಿದ್ದುವು. ಒಂದರ ಮೇಲೆ ನವಿಲುಗರಿಯಂಥ ಸುಳಿಗಳು. ಒಂದರ ಮೇಲೆ ಒಡೆದ ಗಾಜಿನಂಥ ಗೆರೆಗಳು. ಒಂದೆರಡು ಬರಿಯ ಕೆಸರು. ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಕೈಯೆಲ್ಲ ನೀಲಿ ಮಾಡಿಕೊಂಡು ಬಂದು, “ಶಾಲೆಯ ಪ್ರದರ್ಶನಕ್ಕೆ ಒಂದೇ ಒಂದು ಕೊಡಬೇಕು. ಯಾವ್ದು ಚೆನ್ನಾಗಿದೆ ಹೇಳಿ ತಾತ” ಎಂದಳು.

ಬಾಯಿಗೆ ಬಂದದ್ದನ್ನು ಹೇಳಿ ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಹುಡುಗಿಯ ಪ್ರಶ್ನೆಯ ಹಿಂದೆ ಒಂದು ನೋವಿತ್ತು. ಹಿಂದಿನ ವರ್ಷ ಇಂಥದೇ ಹಾಳೆಯೊಂದನ್ನು ಕೊಟ್ಟಿದ್ದಳಂತೆ. ಪರೀಕ್ಷಿಸಿದವರು, “ಇದು ತಾನಾಗಿ ಆದದ್ದು, ನೀನು ಬರೆದದ್ದಲ್ಲ” ಎಂದು ಪಕ್ಕಕ್ಕಿಟ್ಟರಂತೆ. ಅವಳಿಗೆ ಅಂಕ ಹೋದದ್ದಕ್ಕಿಂತ ಆ ಮಾತು ಹೆಚ್ಚು ನೆಟ್ಟಿತ್ತು. “ಬಣ್ಣ ನಂದು, ಕಾಗದ ನಂದು, ಕೆಲಸ ನಂದು. ಮತ್ತೆ ಚಿತ್ರ ಯಾರದು?” ಎಂದು ಕೇಳಿದಳು. ಕಾವ್ಯ, ಚಿತ್ರಗಳ ವಿಷಯವಾಗಿ ನಾಲ್ಕಕ್ಷರ ಬರೆದು ವಿಮರ್ಶಕನೆಂದು ಕರೆಯಿಸಿಕೊಂಡವನಿಗೆ ಇದಕ್ಕೆ ಸಮಾಧಾನ ಹೇಳಬೇಕಾದ ಹೊಣೆಯಿತ್ತು. ಆ ಗಳಿಗೆಯಲ್ಲಿ ಸಮಾಧಾನ ಮಾತ್ರ ಹೊಳೆಯಲಿಲ್ಲ. ಈ ಲೇಖನ ಆ ಸಾಲವನ್ನು ತೀರಿಸುವ ಪ್ರಯತ್ನ.

ಪರೀಕ್ಷಕರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಶಾಸ್ತ್ರಕಾರರು ಅದಕ್ಕೆ ಎಂದೋ ಒಂದು ಹೆಸರಿಟ್ಟಿದ್ದಾರೆ: ಘುಣಾಕ್ಷರ ನ್ಯಾಯ. ಮರವನ್ನೋ ಓಲೆಯನ್ನೋ ಹುಳು ಕೊರೆಯುತ್ತ ಹೋಗುತ್ತದೆ. ಕೊರೆದ ಗೀಟು ಒಮ್ಮೊಮ್ಮೆ ಅಕ್ಷರದಂತೆ ಕಾಣುತ್ತದೆ. ಅಷ್ಟು ಮಾತ್ರಕ್ಕೆ ಹುಳುವಿಗೆ ಓದುಬರಹ ಬರುತ್ತದೆಂದು ಯಾರೂ ಹೇಳುವುದಿಲ್ಲ. ಸೋಂಪುರದ ಸುತ್ತಿನ ಬಂಡೆಗಳನ್ನೇ ನೋಡಿ. ನೈಸ್ ಎಂದು ಭೂವಿಜ್ಞಾನಿಗಳು ಕರೆಯುವ ಈ ಸೀಮೆಯ ಕಲ್ಲಿನಲ್ಲಿ ಬಿಳಿಯ ಮತ್ತು ಕರಿಯ ಪಟ್ಟೆಗಳು ಅಲೆಯಲೆಯಾಗಿ ಮಡಿಸಿಕೊಂಡಿರುತ್ತವೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಈ ಜಾತಿಯದೇ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ. ಹುಡುಗಿಯ ಹಾಳೆಗಳಲ್ಲಿ ಎರಡು ಆ ಬಂಡೆಯ ತದ್ರೂಪವಾಗಿದ್ದುವು. ಬಂಡೆಯ ಚೆಲುವನ್ನು ಮೆಚ್ಚುತ್ತೇವೆ. ಆದರೆ ಅದನ್ನು ಯಾರ ಕಲೆಯೆಂದೂ ಹೇಳುವುದಿಲ್ಲ. ಹಾಗಿದ್ದಮೇಲೆ ಅದೇ ಚೆಲುವು ಕಾಗದದ ಮೇಲೆ ಬಂದಾಗ ಹುಡುಗಿಯದೆಂದು ಏಕೆ ಹೇಳಬೇಕು?

ಇದಕ್ಕೆ ಉತ್ತರ ದೊರೆಯಬೇಕಾದರೆ ಕೆಲಸವನ್ನು ಹತ್ತಿರ ಕುಳಿತು ನೋಡಬೇಕು. ನಾನು ಆ ದಿನ ಮಧ್ಯಾಹ್ನವೆಲ್ಲ ಕುಳಿತು ನೋಡಿದೆ.

ಮನೆಯಲ್ಲಿ ಇದನ್ನು ಮಾಡುವ ದಾರಿಗಳು ಹಲವು. ಈಗ ಬಹಳ ಪ್ರಚಾರದಲ್ಲಿರುವುದು ಗಡ್ಡ ಹೆರೆಯುವ ನೊರೆಯ ದಾರಿ. ತಟ್ಟೆಯಲ್ಲಿ ನೊರೆಯನ್ನು ಹರಡಿ, ಮೇಲೆ ಬಣ್ಣ ತೊಟ್ಟಿಕ್ಕಿಸಿ, ಕಡ್ಡಿಯಿಂದ ಎಳೆದು, ಕಾಗದವನ್ನು ಒತ್ತಿ ಎತ್ತಿ, ಅಂಟಿದ ನೊರೆಯನ್ನು ಹೆರೆದು ತೆಗೆದರೆ ಹಾಳೆ ಸಿದ್ಧ. ಐದು ನಿಮಿಷದ ಕೆಲಸ. ಐದು ವರ್ಷದ ಮಗುವಿಗೂ ಬರುತ್ತದೆ. ಇನ್ನೊಂದು ದಾರಿ, ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಬರಿಯ ನೀರಿನ ಮೇಲೆ ಬಿಡುವುದು. ಇದರಲ್ಲಿ ಬಣ್ಣ ತೇಲುತ್ತದೆ, ಆದರೆ ನಿಲ್ಲುವುದಿಲ್ಲ; ಎಳೆದ ಗೆರೆ ನೀರಿನೊಡನೆ ಸರಿದುಹೋಗುತ್ತದೆ.

ಮೂರನೆಯದು ಹಳೆಯ ದಾರಿ. ನೀರನ್ನು ಮೊದಲು ಲೋಳೆ ಮಾಡಬೇಕು. ಯೂರೋಪಿನವರು ಅದಕ್ಕೆ ಒಂದು ಬಗೆಯ ಕಡಲಪಾಚಿಯನ್ನು ಬೇಯಿಸುತ್ತಾರೆ. ಪರ್ಷಿಯಾ ಮತ್ತು ಹಿಂದೂಸ್ತಾನದ ಹಳಬರು ಮೆಂತ್ಯವನ್ನು ಬಳಸಿದ್ದುಂಟು. ನಮ್ಮ ಹುಡುಗಿಯದು ಮೆಂತ್ಯದ ದಾರಿ. ಹಿಂದಿನ ರಾತ್ರಿ ನೆನೆಹಾಕಿದ ಮೆಂತ್ಯವನ್ನು ಕಿವುಚಿ, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ, ಟ್ರೇಗೆ ಹೊಯ್ದಿದ್ದಳು. ಕಾಗದಕ್ಕೆ ಪಟಿಕದ ನೀರು ಸವರಿ ಒಣಗಿಸಿದ್ದಳು; ಪಟಿಕವಿಲ್ಲದ ಕಾಗದ ಬಣ್ಣವನ್ನು ಹಿಡಿಯದು, ತೊಳೆದರೆ ಜಾರಿಹೋಗುತ್ತದೆ. ಬಣ್ಣ ಮುಳುಗದೆ ಹರಡಲೆಂದು ಹಳಬರು ಎತ್ತಿನ ಪಿತ್ತವನ್ನು ಬೆರೆಸುತ್ತಿದ್ದರು. ಇವಳು ಸೋಪಿನ ನೀರಿನ ಒಂದು ಹನಿಯಲ್ಲಿ ಕೆಲಸ ತೆಗೆದಿದ್ದಳು. ಕೊಳವೆ ಬಾವಿಯ ಗಡಸು ನೀರಿನಲ್ಲಿ ಮೊದಲ ನಾಲ್ಕು ಹಾಳೆ ಕೆಟ್ಟುವೆಂದು, ಹಿಡಿದಿಟ್ಟ ಮಳೆನೀರಿಗೆ ಬದಲಾಯಿಸಿದ್ದಳು. ಹಾಳೆಯನ್ನು ಒಂದು ಮೂಲೆಯಿಂದ ನಿಧಾನವಾಗಿ ಇಳಿಸಬೇಕು; ನಡುವೆ ಗಾಳಿ ಸಿಕ್ಕಿದರೆ ಆ ಜಾಗ ಬೋಳಾಗಿ ಉಳಿಯುತ್ತದೆ. ಒಮ್ಮೆ ಇಳಿಸಿದ ಮೇಲೆ ತಿದ್ದುಪಡಿಯಿಲ್ಲ.

ಇಷ್ಟೆಲ್ಲದರ ನಡುವೆ ನನ್ನನ್ನು ತಡೆದು ನಿಲ್ಲಿಸಿದ್ದು ಅವಳ ಒಂದು ಮಾತು. ಕೆಸರಾಗಿ ಹೋದ ಹಾಳೆಯೊಂದನ್ನು ತೋರಿಸಿ, ಇದೇಕೆ ಹೀಗಾಯಿತೆಂದು ಕೇಳಿದೆ. “ನೀಲಿ ಮೊದಲು ಬಿಟ್ಟುಬಿಟ್ಟೆ ತಾತ. ಆಮೇಲೆ ಬಿಟ್ಟ ಬಣ್ಣಗಳೆಲ್ಲ ಅದನ್ನ ತಳ್ಳಿ ತಳ್ಳಿ ಗೆರೆ ಮಾಡಿಬಿಟ್ಟವು. ನೀಲಿ ಅಗಲವಾಗಿ ಬೇಕಾದ್ರೆ ಕೊನೇಲಿ ಬಿಡಬೇಕು” ಎಂದಳು. ನೀರಿನ ಮೇಲ್ಮೈಯ ಬಿಗಿತದ ಶಾಸ್ತ್ರವೆಲ್ಲ ಆ ಮಾತಿನಲ್ಲಿತ್ತು: ಮೊದಲು ಬಿದ್ದ ಬಣ್ಣ ಹರಡುತ್ತದೆ; ಮೇಲೆ ಬಿದ್ದದ್ದು ಅದನ್ನು ಒತ್ತರಿಸುತ್ತದೆ; ಕೊನೆಗೆ ಮೊದಲನೆಯದೇ ನರನರವಾಗಿ ಉಳಿಯುತ್ತದೆ. ಆದರೆ ನನಗೆ ಮುಖ್ಯವೆನಿಸಿದ್ದು ಶಾಸ್ತ್ರವಲ್ಲ; ಕೆಟ್ಟದ್ದು ಏಕೆ ಕೆಟ್ಟಿತೆಂದು ಅವಳು ಹೇಳಬಲ್ಲಳು ಎಂಬುದು. ಹುಳುವಿಗೆ ಅದು ಸಾಧ್ಯವಿಲ್ಲ. ಬಂಡೆಗೂ ಸಾಧ್ಯವಿಲ್ಲ. ಹುಳು ಕೊರೆದ ‘ಅ’ಕಾರ ಸೊಟ್ಟಗಾದರೆ ಹುಳುವಿಗೆ ಯಾವ ನಷ್ಟವೂ ಇಲ್ಲ; ಅದು ‘ಅ’ಕಾರವನ್ನು ಉದ್ದೇಶಿಸಿಯೇ ಇರಲಿಲ್ಲ.

ಇಲ್ಲಿ ನಮಗೆ ಒಂದು ಅಳತೆಗೋಲು ದೊರೆಯುತ್ತದೆ. ಎಲ್ಲಿ ಕೆಡುವುದಕ್ಕೆ ಅವಕಾಶವಿದೆಯೋ, ಕೆಟ್ಟದ್ದನ್ನು ಮಾಡಿದವನೇ ಗುರುತಿಸಬಲ್ಲನೋ, ಅಲ್ಲಿ ಕಲೆಯ ಮಾತನ್ನು ಆಡಬಹುದು. ನೊರೆಯ ದಾರಿಯ ಮೇಲೆ ನನಗಿರುವ ಆಕ್ಷೇಪ ಇದೇ. ಅದು ಸುಲಭವೆಂದು ನಾನು ದೂರುತ್ತಿಲ್ಲ, ಸುಲಭವಾದದ್ದೆಲ್ಲ ಕೀಳಲ್ಲ. ನೊರೆಯಲ್ಲಿ ಬಣ್ಣ ಬಣ್ಣವನ್ನು ತಳ್ಳುವುದಿಲ್ಲ. ಬಿದ್ದಲ್ಲೇ ಬಿದ್ದಿರುತ್ತದೆ, ಕಡ್ಡಿ ಎಳೆದ ಕಡೆ ಬರುತ್ತದೆ. ಯಾವ ಹಾಳೆಯೂ ಪೂರ್ತಿ ಕೆಡುವುದಿಲ್ಲ. ಹತ್ತು ಹಾಳೆಯೂ ಒಂದೇ ರೀತಿಯಲ್ಲಿ ‘ಚೆನ್ನಾಗಿ’ ಬರುತ್ತವೆ. ಸಣ್ಣ ಮಗುವಿನ ಮೊದಲ ಸಂತೋಷಕ್ಕೆ ಅದು ಸಾಕು, ಅದನ್ನು ಕಸಿದುಕೊಳ್ಳಬಾರದು. ಆದರೆ ಹದಿಮೂರು ವರ್ಷದ ಹುಡುಗಿಗೆ ಅದನ್ನೇ ಕಲೆಯೆಂದು ಕಲಿಸಿದರೆ, ಕೆಡುವ ಹಕ್ಕನ್ನೇ ಅವಳಿಂದ ಕಿತ್ತುಕೊಂಡಂತೆ.

ತಂಗಿ ದೂರದಿಂದ ನೋಡುತ್ತಿದ್ದವಳು, “ಇದರಲ್ಲೇನಿದೆ ಅಣ್ಣ, ಚುಕ್ಕಿ ಇಟ್ಟು ಎಳೆಯೋದು ತಾನೆ” ಎಂದಳು. ಮಾತು ನಗೆಯದಾದರೂ ಅದರಲ್ಲಿ ತಿರುಳಿತ್ತು. ಈ ಕಸುಬಿನಲ್ಲಿಯೂ ಮೊದಲು ಚುಕ್ಕಿ, ಆಮೇಲೆ ಎಳೆ. ತುರ್ಕಿಯವರು ಇದನ್ನು ‘ಎಬ್ರು’ ಎನ್ನುತ್ತಾರೆ. ಅದರಲ್ಲಿ ‘ಹೋಗಿ-ಬಾ’ ಎಂಬಂಥ ಹೆಸರಿನ ಒಂದು ಮಾದರಿಯಿದೆ. ಚುಕ್ಕಿಗಳ ನಡುವೆ ಕಡ್ಡಿಯನ್ನು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಸಮಾನಾಂತರವಾಗಿ ನಡೆಸುವುದು. ಮೇಲೆ ಬಾಚಣಿಗೆ ಎಳೆದು ಮಾಡುವ ಮಾದರಿಗಳಿಗೆಲ್ಲ ಅದು ತಳಹದಿ. ದಿನ ಬೆಳಗಾದರೆ ಬಾಗಿಲಿಗೆ ರಂಗೋಲಿ ಹಾಕಿ, ಹತ್ತು ಗಂಟೆಗೆ ಅದು ಕಾಲಡಿಯಾಗುವುದನ್ನು ನಿಶ್ಚಿಂತೆಯಿಂದ ನೋಡುವ ನಮ್ಮ ಹೆಂಗಸರಿಗೆ ಈ ವಿದ್ಯೆಯ ಶಿಸ್ತು ಹೊಸದೇನಲ್ಲ. ವ್ಯತ್ಯಾಸವಿಷ್ಟೆ: ನೆಲ ಹೇಳಿದ ಮಾತು ಕೇಳುತ್ತದೆ, ನೀರು ಎದುರುತ್ತರ ಕೊಡುತ್ತದೆ.

ಈ ಎದುರುತ್ತರಕ್ಕೆ ಮರುತ್ತರ ಕೊಟ್ಟವರು ಯಾರಾದರೂ ಇದ್ದಾರೆಯೆ? ಇದ್ದಾರೆ, ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಆದರೆ ಅಲ್ಲಿಗೆ ತಲಪುವ ಮೊದಲು ಈ ವಿದ್ಯೆಯ ದಾರಿಯನ್ನು ಸ್ವಲ್ಪ ನೋಡಬೇಕು. ಜಪಾನಿನಲ್ಲಿ ಬರಿಯ ನೀರಿನ ಮೇಲೆ ಮಸಿಯನ್ನು ತೇಲಿಸುವ ‘ಸುಮಿನಾಗಶಿ’ 12ನೆಯ ಶತಮಾನದ ಹೊತ್ತಿಗೇ ಇತ್ತು. ಆ ಕಾಗದಗಳ ಮೇಲೆ ಕವಿತೆಗಳನ್ನು ಬರೆಯುತ್ತಿದ್ದರು. ಎಂದರೆ ನೀರಿನ ಚಿತ್ರ ಅಲ್ಲಿ ಮುಗಿದ ಕೃತಿಯಲ್ಲ. ಬರೆಹಕ್ಕೆ ಹಾಸಿದ ಹಾಸು. ಪರ್ಷಿಯನ್ನರು ಇದಕ್ಕೆ ‘ಅಬ್ರಿ’ ಎಂದರು. ‘ಅಬ್ರ್’ ಎಂದರೆ ಮೋಡ. ಇಂಗ್ಲಿಷಿನವರು ಅದೇ ಹಾಳೆಯಲ್ಲಿ ಕಲ್ಲನ್ನು ಕಂಡರು. ಪರ್ಷಿಯನ್ನರು ಮೋಡವನ್ನು ಕಂಡರು. ಹೆಸರಿನಲ್ಲಿ ಪರ್ಷಿಯನ್ನರೇ ಗೆದ್ದರೆಂದು ನನ್ನ ಭಾವನೆ. ಮೋಡದಲ್ಲಿ ಆನೆ ಕಂಡರೆ ಅದು ನೋಡಿದವನ ಆನೆ, ಮೋಡದ್ದಲ್ಲ.

ಆ ಮೋಡ ತೇಲಿಬಂದು ನಮ್ಮ ನಾಡಿನ ಮೇಲೆಯೂ ನಿಂತಿತು. ಇಂದು ವಿಜಯಪುರವೆಂದು ಹೆಸರಾದ ಬಿಜಾಪುರದಲ್ಲಿ, ಆದಿಲಶಾಹಿಗಳ ಕಾಲದಲ್ಲಿ, ಅಬ್ರಿ ಕಾಗದ ಹೊಸದೊಂದು ಜನ್ಮವನ್ನು ಪಡೆಯಿತು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹ ಸಂಗೀತದ ಹುಚ್ಚಿನವನು. ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಗ್ರಂಥವನ್ನು ಬರೆದವನು. ಅವನ ಆಸ್ಥಾನದ ಚಿತ್ರಕಾರರ ಕುಂಚವನ್ನು ಕಲಾರಸಿಕರೆಲ್ಲ ಬಲ್ಲರು. ಆದರೆ 17ನೆಯ ಶತಮಾನದ ಬಿಜಾಪುರದವೆಂದು ವಿದ್ವಾಂಸರು ಗುರುತಿಸುವ ಅಬ್ರಿ ಚಿತ್ರಗಳ ಪುಟ್ಟ ಗುಂಪೊಂದಿದೆ. ಅದನ್ನು ಕನ್ನಡಿಗರು ನೋಡಿದ್ದು ಕಡಮೆ. ಅವು ಹೊರನಾಡುಗಳ ಸಂಗ್ರಹಗಳಲ್ಲಿ ಚದುರಿಹೋಗಿವೆ. ಅವುಗಳಲ್ಲಿ ಹೆಸರಾದ ಒಂದು, ಬಡಕಲು ಕುದುರೆ ಮತ್ತು ಸವಾರನ ಚಿತ್ರ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. 2015ರಲ್ಲಿ ಅದೇ ಸಂಗ್ರಹಾಲಯ ದಖ್ಖನಿನ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತ್ತು.

ಅಲ್ಲಿಯ ತನಕ ಅಬ್ರಿ ಕಾಗದ ಬರೆಹದ ಹಿಂದಿನ ಹಾಸಾಗಿಯೋ, ಚಿತ್ರದ ಸುತ್ತಿನ ಅಂಚಾಗಿಯೋ ಸೇವೆ ಮಾಡುತ್ತಿತ್ತು. ಬಿಜಾಪುರದವರು ಅದನ್ನು ಚಿತ್ರದ ಒಳಕ್ಕೆ ಕರೆದರು. ಕಾಗದದ ಮೇಲೆ ಬಣ್ಣ ಬೇಡವಾದ ಭಾಗಕ್ಕೆ ಗೋಂದನ್ನು ಸವರಿಯೋ, ಕತ್ತರಿಸಿದ ಕಾಗದವನ್ನು ಮರೆಯಾಗಿಟ್ಟೋ ನೀರಿನ ಮೇಲೆ ಇಳಿಸುತ್ತಿದ್ದರು. ಮರೆಯಾದ ಕಡೆ ಬಣ್ಣ ಹತ್ತುವುದಿಲ್ಲ. ತೆರೆದ ಕಡೆ ಮಾತ್ರ ಹತ್ತುತ್ತದೆ. ಹೀಗೆ ಒಂದು ಮೃಗವೋ ಮನುಷ್ಯನೋ ನೀರಿನ ಸುಳಿಗಳಿಂದಲೇ ಮೈದಾಳಿ ನಿಲ್ಲುತ್ತಾನೆ. ಆಮೇಲೆ ಸಣ್ಣ ಕುಂಚದಿಂದ ಕಣ್ಣು, ಗೊರಸು, ಲಗಾಮು, ಅಂಚಿನ ಗೆರೆ.

ಇದರಲ್ಲಿ ಚಮತ್ಕಾರವಷ್ಟೇ ಇದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಚಿತ್ರಕಾರರು ಈ ವಿದ್ಯೆಗೆ ಆರಿಸಿಕೊಂಡ ವಸ್ತುವನ್ನು ನೋಡಿ: ಪಕ್ಕೆಲುಬು ಎಣಿಸುವಂತೆ ಸೊರಗಿದ ಕುದುರೆ. ಸೂಫಿಗಳ ಪರಿಭಾಷೆಯಲ್ಲಿ ಬಡಕಲು ಕುದುರೆ ಎಂದರೆ ಉಪವಾಸದಿಂದ ಪಳಗಿಸಿದ ದೇಹ, ಹದ್ದಿಗೆ ತಂದ ಆಸೆ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ದೇಹವೆಂಬುದು ಹರಿಯುವ ವಸ್ತು, ನಿಲ್ಲದ ವಸ್ತು ಎಂಬುದನ್ನು ಹೇಳಲು ಹರಿಯುವ ಬಣ್ಣಕ್ಕಿಂತ ತಕ್ಕ ಸಾಧನ ಯಾವುದು? ಕುದುರೆಯ ಮೈಯನ್ನು ತಿಂದದ್ದು ಹಸಿವೋ ನೀರೋ ಎಂದು ನೋಡುವವನಿಗೆ ಅನುಮಾನ ಬರುತ್ತದೆ. ವಸ್ತು ಮತ್ತು ವಿಧಾನಗಳ ನಡುವಣ ಇಂಥ ಹೊಂದಿಕೆಯನ್ನು ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದರು. ಕೊಬ್ಬಿದ ಕುದುರೆಯ ಮೇಲೆ ಅದೇ ಅಬ್ರಿಯನ್ನು ಹಾಕಿದ್ದರೆ ಅದು ಬಣ್ಣದ ಜೂಲಾಗುತ್ತಿತ್ತು.

ಬಿಜಾಪುರದ ಪಾಠವೇನೆಂದು ಸಂಗ್ರಹವಾಗಿ ಹೇಳುವುದಾದರೆ, ಚಿತ್ರಕಾರನ ಸ್ವಾತಂತ್ರ್ಯ ಅವನು ಹಾಕಿದ ಬಣ್ಣದಲ್ಲಿಲ್ಲ. ಹತ್ತಬಾರದೆಂದು ಗೋಂದು ಸವರಿದ ಕಡೆ ಇದೆ. ನೀರಿಗೆ ಅವನು, “ಇಷ್ಟು ನಿನ್ನದು, ಇದರಾಚೆ ನನ್ನದು” ಎಂದು ಗಡಿ ಹಾಕಿಕೊಟ್ಟ. ಗಡಿಯೊಳಗೆ ನೀರಿಗೆ ಪೂರ್ತಿ ಸ್ವಾತಂತ್ರ್ಯ. ಹುಡುಗಿಯ ಪ್ರಶ್ನೆಗೆ, ಚಿತ್ರ ಯಾರದೆಂಬುದಕ್ಕೆ, ಇದಕ್ಕಿಂತ ನ್ಯಾಯವಾದ ಪಾಲುಪಟ್ಟಿಯನ್ನು ನಾನು ಕಂಡಿಲ್ಲ.

ಯೂರೋಪಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಅಲ್ಲಿ ಅಬ್ರಿ ಪುಸ್ತಕ ಕಟ್ಟುವವರ ಕೈಗೆ ಹೋಯಿತು. ಅವರು ಬಾಚಣಿಗೆಯಿಂದ ಎಳೆದ ಮಾದರಿಗಳನ್ನು ಎಷ್ಟು ಕ್ರಮಬದ್ಧವಾಗಿ ಮಾಡಿದರೆಂದರೆ ನೀರಿನ ಹಟವೇ ಮರೆಯಾಯಿತು. ಗುಟ್ಟನ್ನು ಮನೆತನದ ಆಸ್ತಿಯಂತೆ ಕಾಯ್ದರು. ಚಾರ್ಲ್ಸ್ ವುಲ್ನೋ ಎಂಬಾತ 1853ರಲ್ಲಿ ಲಂಡನ್ನಿನಲ್ಲಿ ಈ ಗುಟ್ಟುಗಳನ್ನು ಪುಸ್ತಕವಾಗಿ ಅಚ್ಚುಹಾಕಿದ. ಆದರೂ ಅವರ ಕೈಯಲ್ಲಿ ಈ ಕಾಗದ ಒಂದು ದೊಡ್ಡ ಉಪಯೋಗವನ್ನು ಕಂಡಿತು. ಲೆಕ್ಕದ ಪುಸ್ತಕದ ಅಂಚಿಗೆ ಅಬ್ರಿ ಹಾಕಿದರೆ, ನಡುವಿನ ಹಾಳೆಯೊಂದನ್ನು ಕಿತ್ತಾಗ ಅಂಚಿನ ಚಿತ್ತಾರ ಮುರಿದು ಕಳ್ಳತನವನ್ನು ಹೇಳುತ್ತದೆ. 1775ರಲ್ಲಿ ಅಮೆರಿಕದ ವಸಾಹತುಗಳು ಹೊರಡಿಸಿದ 20 ಡಾಲರಿನ ನೋಟಿಗೂ ಅಬ್ರಿಯ ಅಂಚಿತ್ತು. ಎರಡನೆಯ ಸಲ ಅದೇ ಚಿತ್ತಾರ ಬಾರದೆಂಬುದೇ ಅದರ ರಕ್ಷಣೆ. ಯಾವ ಗುಣವನ್ನು ನಮ್ಮ ಪರೀಕ್ಷಕರು ದೋಷವೆಂದರೋ ಅದೇ ಗುಣವನ್ನು ನಂಬಿ ಒಂದು ದೇಶ ಹಣ ಅಚ್ಚುಹಾಕಿತು!

ಲಾರೆನ್ಸ್ ಸ್ಟರ್ನನ ‘ಟ್ರಿಸ್ಟ್ರಮ್ ಶ್ಯಾಂಡಿ’ ಕಾದಂಬರಿಯ ಮೂರನೆಯ ಸಂಪುಟ 1761ರಲ್ಲಿ ಹೊರಬಂದಾಗ ಅದರ ನಡುವೆ ಒಂದು ಅಬ್ರಿಯ ಪುಟವಿತ್ತು. ಪ್ರತಿಯೊಂದು ಪ್ರತಿಗೂ ಕೈಯಿಂದಲೇ ಮಾಡಿದ ಪುಟ. ಎಂದಮೇಲೆ ಯಾವ ಇಬ್ಬರು ವಾಚಕರೂ ಅಲ್ಲಿ ಒಂದೇ ಪುಟವನ್ನು ಓದಲಿಲ್ಲ. ವಿನೋದವೆಂದು ನಕ್ಕುಬಿಡಬಹುದು. ಆದರೆ ಅರ್ಥವಿಲ್ಲದ ಆ ಪುಟಕ್ಕೆ ಅರ್ಥ ಬಂದದ್ದು ಅದರ ಹಿಂದೆಮುಂದೆ ಇರುವ ಅರ್ಥವುಳ್ಳ ಪುಟಗಳಿಂದ. ಅದನ್ನು ಹರಿದು ಗೋಡೆಗೆ ತೂಗುಹಾಕಿದರೆ ಮತ್ತೆ ಬರಿಯ ಬಣ್ಣವೇ.

ಈಗ ನಮ್ಮಲ್ಲಿ ನಡೆಯುತ್ತಿರುವ ಕೆಲಸಕ್ಕೆ ಬರೋಣ. ಪ್ರದರ್ಶನಗಳಲ್ಲಿ ನಾನು ಕಂಡ ಮನೆಯ ಅಬ್ರಿಗಳಲ್ಲಿ ಮೂರು ದೋಷಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು ಬಣ್ಣಗಳ ಸಂತೆ: ಡಬ್ಬಿಯಲ್ಲಿ ಹನ್ನೆರಡು ಬಣ್ಣವಿದ್ದರೆ ಹನ್ನೆರಡೂ ನೀರಿಗೆ. ಎರಡು ಬಣ್ಣ, ಹೆಚ್ಚೆಂದರೆ ಮೂರು, ಕಾಗದದ ಬಿಳುಪೂ ಒಂದು ಬಣ್ಣವೆಂಬ ಎಚ್ಚರ, ಇಷ್ಟಿದ್ದರೆ ಹಾಳೆ ಉಸಿರಾಡುತ್ತದೆ. ಎರಡನೆಯದು ಕೈ ನಿಲ್ಲಿಸಲಾರದ ಚಟ: ಸುಳಿ ಚೆನ್ನಾಗಿ ಬಂದಿತೆಂದು ಇನ್ನೊಂದು ಸುಳಿ, ಅದರ ಮೇಲೆ ಮತ್ತೊಂದು, ಕೊನೆಗೆ ಕೆಸರು. ಮೂರನೆಯದು, ಮತ್ತು ಹಿರಿಯದು, ಚೌಕಟ್ಟು. ಹಾಳೆ ಒಣಗುವ ಮೊದಲೇ ಅದಕ್ಕೆ ಗಾಜು ಹಾಕಿ ಗೋಡೆಗೇರಿಸುತ್ತೇವೆ. ಅಬ್ರಿ ಕಾಗದ ಗೋಡೆಗಾಗಿ ಹುಟ್ಟಿದ್ದಲ್ಲ. ಅದು ಕವಿತೆಯ ಕೆಳಗೆ ಹಾಸಾಗಬೇಕು. ಪುಸ್ತಕದ ರಟ್ಟಿಗೆ ಹೊದಿಕೆಯಾಗಬೇಕು. ಕತ್ತರಿಸಿ ಹಕ್ಕಿಯೋ ಎಲೆಯೋ ಆಗಬೇಕು. ಬಿಜಾಪುರದಲ್ಲಾದಂತೆ ಕುದುರೆಯ ಮೈಯಾಗಬೇಕು. ನಮ್ಮ ಹಳೆಯ ಕಚೇರಿಗಳ ದಫ್ತರದ ರಟ್ಟಿನ ಮೇಲೆ ಅಚ್ಚಿನ ಅಬ್ರಿ ಧೂಳು ತಿನ್ನುತ್ತ ಕುಳಿತಿರುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿಯೂ ಅದು ತನ್ನ ಕೆಲಸ ಮಾಡುತ್ತಿತ್ತು. ಅದಕ್ಕೂ ಹಿಂದೆ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು, ಕಡತ ಮಾಡಿ, ಬಳಪದಿಂದ ಬರೆದ ನಾಡು ನಮ್ಮದು. ಬರೆಯುವುದಕ್ಕೆ ಮುಂಚೆ ಬರೆಯುವ ಮೈಯನ್ನು ಹದಗೊಳಿಸುವುದೂ ವಿದ್ಯೆಯ ಭಾಗವೆಂದು ಆ ಜನ ತಿಳಿದಿದ್ದರು.

ನೀರಿನ ಮೇಲೆ ಹೂವನ್ನೇ ಅರಳಿಸಿದವರಿದ್ದಾರಲ್ಲ, ಎಂದು ಬಲ್ಲವರು ಕೇಳಬಹುದು. ಇದ್ದಾರೆ. ಇಸ್ತಾಂಬುಲಿನ ನೆಜ್ಮೆದ್ದೀನ್ ಒಕ್ಯಾಯ್ (1883–1976) ಚುಕ್ಕಿಯೊಳಗೆ ಚುಕ್ಕಿಯಿಟ್ಟು ಸೂಜಿಯಿಂದ ಎಳೆದು ಹೂಗಳನ್ನು ಮಾಡಿದರು. 2014ರಲ್ಲಿ ಯುನೆಸ್ಕೋ ತುರ್ಕಿಯ ಎಬ್ರುವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಥವರ ಹಾಳೆ ಗೋಡೆಗೆ ಹೋಗಲಿ. ಅದು ಒಂದು ಜೀವಮಾನ ಹಾಳೆ ಕೆಡಿಸಿದವರಿಗೆ ದೊರೆತ ಹಕ್ಕು.

ಇನ್ನು ಸೋಂಪುರದ ಹಿತ್ತಲಿಗೆ. ಹನ್ನೆರಡು ಹಾಳೆಗಳಲ್ಲಿ ಯಾವುದು ಚೆನ್ನಾಗಿದೆಯೆಂದು ನಾನು ಕೊನೆಗೂ ಹೇಳಲಿಲ್ಲ. ಅದಕ್ಕೆ ಬದಲಾಗಿ, “ಇದರಲ್ಲಿ ನಿನಗೆ ಬೇಡವಾದದ್ದು ಯಾವುದು ಹೇಳು” ಎಂದೆ. ಅವಳು ಒಂದು ಕ್ಷಣವೂ ಯೋಚಿಸದೆ ಐದನ್ನು ತಂತಿಯಿಂದ ಕಿತ್ತಳು. ಸ್ವಲ್ಪ ನಿಂತು ಮೂರನ್ನು. ಬಹಳ ಹೊತ್ತು ನಿಂತು, ನನಗೆ ಎಲ್ಲಕ್ಕಿಂತ ಹಿಡಿಸಿದ್ದ ನವಿಲುಗರಿಯನ್ನೂ ಕಿತ್ತಳು. “ಅದ್ಯಾಕೆ?” ಎಂದರೆ, “ಅದು ಸುಮ್ನೆ ಬಂದುಬಿಡ್ತು ತಾತ. ಇನ್ನೊಂದು ಸಲ ಮಾಡು ಅಂದ್ರೆ ನಂಗೆ ಬರಲ್ಲ” ಎಂದಳು. ಉಳಿದ ಮೂರರಲ್ಲಿ ಒಂದು ತೆಳು ಬೂದುಬಣ್ಣದ್ದು, ಕಣ್ಣಿಗೆ ಬೀಳದಷ್ಟು ಸಾಧು. ಅದನ್ನು ಪ್ರದರ್ಶನಕ್ಕೆ ಹಾಗೇ ಕೊಡುವುದಿಲ್ಲವೆಂದೂ, ಅಜ್ಜಿಯ ರಂಗೋಲಿ ಪುಸ್ತಕದ ಹರಿದ ರಟ್ಟಿಗೆ ಹೊದಿಸಿ ಪುಸ್ತಕವನ್ನೇ ಕೊಡುವುದಾಗಿಯೂ ಹೇಳಿದಳು.

ಪರೀಕ್ಷಕರು ಈ ಸಲ ಏನೆನ್ನುವರೋ ತಿಳಿಯದು. ತಾನಾಗಿ ಬಂದದ್ದು ಯಾವುದು, ತಾನು ತಂದದ್ದು ಯಾವುದು ಎಂದು ಬಲ್ಲವಳ ಮುಂದೆ ಅವರ ಹಳೆಯ ಆಕ್ಷೇಪ ನಿಲ್ಲಲಾರದು. ನವಿಲುಗರಿಯ ಹಾಳೆಯನ್ನು ನಾನು ಕೇಳಿ ತೆಗೆದುಕೊಂಡು ಬಂದಿದ್ದೇನೆ. ಮೇಜಿನ ಮೇಲಿದೆ. ಬಹಳ ಚೆನ್ನಾಗಿದೆ, ಆದರೆ ಅದು ನೀರಿನದು.